ಕೆಲವೇ ಸ್ಟ್ರೋಕ್‌ಗಳಲ್ಲಿ ಜೀವಂತ ಮೈಬಣ್ಣ ಮೂಡುವುದು ಹೇಗೆ?

ಸಡಿಲವಾಗಿ ಬ್ರಷ್ ಆಡಿಸಿ ಬಿಡಿಸಿದ ಒಳ್ಳೆಯ ಪೋರ್ಟ್ರೇಟ್ ಒಂದರ ಮುಂದೆ ನಿಂತರೆ, ಇದನ್ನು ಸರಸರ ಮುಗಿಸಿರಬೇಕು ಅನಿಸುತ್ತದೆ. ಕೆನ್ನೆಗೆ ನಾಲ್ಕು ಅಗಲದ ಸ್ಟ್ರೋಕ್, ಮೂಗಿನ ತುದಿಗೆ ಒಂದು ಚುಕ್ಕೆ, ಕೂದಲಿಗೆ ಎರಡು ಎಳೆತ. ಹತ್ತಿರದಿಂದ ನೋಡಿದರೆ ಬರೀ ಬಣ್ಣದ ಮಚ್ಚೆಗಳು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಉಸಿರಾಡುವ ಮನುಷ್ಯ. ಅದನ್ನೇ ಕಲಿಯುವವರು ಮಾಡಲು ಹೋದಾಗ ಮುಖ ರಾಡಿಯಾಗುತ್ತದೆ, ಇಲ್ಲವೇ ಸುಣ್ಣ ಬಳಿದ ಹಾಗೆ ಬಿಳಿಚಿಕೊಳ್ಳುತ್ತದೆ.

ಇದು ಹೊಸ ತೊಂದರೆಯಲ್ಲ. ಕಲಾವಿದರ ಜೀವನಚರಿತ್ರೆ ಬರೆದ ಇಟಲಿಯ ಜಾರ್ಜೊ ವಸಾರಿ 1568ರಲ್ಲೇ ವೆನಿಸ್‌ನ ಚಿತ್ರಕಾರ ಟಿಷನ್‌ನ ಕೊನೆಗಾಲದ ಚಿತ್ರಗಳ ಬಗ್ಗೆ ಬರೆಯುತ್ತಾ ಇದನ್ನು ಹೇಳಿದ್ದಾನೆ. ಆ ಚಿತ್ರಗಳು ಹತ್ತಿರದಿಂದ ಅರ್ಥವಾಗುವುದಿಲ್ಲ, ದೂರದಿಂದ ಪರಿಪೂರ್ಣವಾಗಿ ಕಾಣುತ್ತವೆ. ಇದಕ್ಕೆ ಶ್ರಮವೇ ಬೇಡ ಎಂದುಕೊಂಡು ಅನುಕರಿಸಲು ಹೋದವರು ಒಡ್ಡೊಡ್ಡಾದ ಚಿತ್ರ ಮಾಡಿದರು ಅನ್ನುವುದು ಅವನ ಮಾತಿನ ಸಾರ.

ಸ್ಟ್ರೋಕ್ ಸಡಿಲವಾಗಿ ಬರುವುದಿಲ್ಲ, ಮೈಬಣ್ಣ ನಿಜ ಅನಿಸುವುದಿಲ್ಲ. ಇವೆರಡನ್ನೂ ಬೇರೆ ಬೇರೆ ಸಮಸ್ಯೆ ಎಂದು ತಿಳಿದು ಬೇರೆ ಬೇರೆಯಾಗಿ ಕಲಿಯುವವರೇ ಜಾಸ್ತಿ. ನನ್ನ ಪ್ರಕಾರ ಇವು ಒಂದೇ ಸಮಸ್ಯೆ. ಬಣ್ಣ ಪ್ಯಾಲೆಟ್ (ಬಣ್ಣ ಬೆರೆಸುವ ಹಲಗೆ) ಮೇಲೆಯೇ ಸರಿಯಾಗಿ ಕೂಡಿಬಂದರೆ ಕ್ಯಾನ್ವಾಸ್ ಮೇಲೆ ತಿದ್ದಬೇಕಾಗಿಲ್ಲ. ತಿದ್ದದಿದ್ದರೆ ಸ್ಟ್ರೋಕ್ ಹಾಕಿದ ಹಾಗೇ ಉಳಿಯುತ್ತದೆ. ಆ ಉಳಿದ ಸ್ಟ್ರೋಕನ್ನೇ ನಾವು ಸಡಿಲ ಎನ್ನುತ್ತೇವೆ. ಅಂದರೆ ಇಲ್ಲಿ ಕೈಯ ವೇಗಕ್ಕಿಂತ ಕಣ್ಣಿನ ತೀರ್ಮಾನ ದೊಡ್ಡದು. ಆ ತೀರ್ಮಾನಕ್ಕೆ ಬರಬೇಕಾದರೆ ಚರ್ಮದ ಮೇಲೆ ಬೆಳಕು ಬಿದ್ದಾಗ ಏನಾಗುತ್ತದೆ ಅನ್ನುವುದು ಸ್ವಲ್ಪ ಗೊತ್ತಿರಬೇಕು.

ಚರ್ಮದೊಳಗೆ ಹೋಗಿಬರುವ ಬೆಳಕು

ಗೋಡೆಗೆ ಬಣ್ಣ ಇರುವುದು ಮೇಲ್ಮೈಯಲ್ಲಿ. ಚರ್ಮ ಹಾಗಲ್ಲ. ಅದು ಅರೆಪಾರದರ್ಶಕ. ಮುಖದ ಹೆಚ್ಚಿನ ಭಾಗದಲ್ಲಿ ಚರ್ಮದ ಮೇಲ್ಪದರದ ದಪ್ಪ ಸುಮಾರು 0.1 ಮಿಲಿಮೀಟರ್ ಅಷ್ಟೇ. ಕಂದು ಬಣ್ಣ ಕೊಡುವ ಮೆಲನಿನ್ ಇರುವುದು ಈ ಪದರದಲ್ಲಿ. ಅದರ ಕೆಳಗಿನ ಪದರದಲ್ಲಿ ಸಣ್ಣ ಸಣ್ಣ ರಕ್ತನಾಳಗಳಿವೆ. ಅಲ್ಲಿನ ಕೆಂಪು ಹಿಮೋಗ್ಲೋಬಿನ್‌ನದು. ಬೆಳಕಿನ ಸಣ್ಣ ಪಾಲು ಮೇಲ್ಮೈಯಿಂದಲೇ ಹಿಂತಿರುಗುತ್ತದೆ. ಉಳಿದದ್ದು ಒಳಗೆ ನುಗ್ಗಿ, ಅಲ್ಲೇ ಚದುರಿ, ಸ್ವಲ್ಪ ಪಕ್ಕದಲ್ಲಿ ಹೊರಬರುತ್ತದೆ. ಹೊರಬರುವಾಗ ಮೆಲನಿನ್ ಮತ್ತು ರಕ್ತದ ಬಣ್ಣವನ್ನು ಹೊತ್ತು ತರುತ್ತದೆ.

ಚಿತ್ರ ಬಿಡಿಸುವವರಿಗೆ ಇದರಿಂದ ಎರಡು ವಿಷಯ ಸಿಗುತ್ತವೆ. ಒಂದು, ಹೊಳಪಿನ ಬಣ್ಣ ಬೇರೆ, ಚರ್ಮದ ಬಣ್ಣ ಬೇರೆ. ಮೂಗಿನ ತುದಿಯಲ್ಲೋ ಹಣೆಯಲ್ಲೋ ಮಿನುಗುವ ಚುಕ್ಕೆ ಮೇಲ್ಮೈಯಿಂದ ನೇರವಾಗಿ ಹಿಂತಿರುಗಿದ ಬೆಳಕು. ಹಾಗಾಗಿ ಅದಕ್ಕೆ ಬರುವುದು ದೀಪದ ಅಥವಾ ಆಕಾಶದ ಬಣ್ಣವೇ ಹೊರತು ಮೈಬಣ್ಣವಲ್ಲ. ಕಿಟಕಿಯಿಂದ ಆಕಾಶದ ಬೆಳಕು ಬರುತ್ತಿದ್ದರೆ ಹೊಳಪು ತುಸು ನೀಲಿಗೆ ವಾಲುತ್ತದೆ. ಹಳದಿ ಬಲ್ಬಿನ ಕೆಳಗೆ ಅದೇ ಹೊಳಪು ಬೆಚ್ಚಗಿರುತ್ತದೆ.

ಇನ್ನೊಂದು, ಕೆಂಪು ಬೆಳಕು ಚರ್ಮದೊಳಗೆ ಉಳಿದ ಬಣ್ಣಗಳಿಗಿಂತ ಹೆಚ್ಚು ದೂರ ಸಾಗುತ್ತದೆ. ಹಿಂದಿನಿಂದ ಬಿಸಿಲು ಬಿದ್ದ ಕಿವಿ ಕೆಂಪಗೆ ಬೆಳಗುವುದನ್ನು ನೋಡಿರುತ್ತೀರಿ ಅಲ್ವಾ? ಅದೇ ಕಾರಣ. ಇದೇ ಸಂಗತಿ ಇಡೀ ಮುಖದ ಮೇಲೆ ಮೆಲ್ಲಗೆ ನಡೆಯುತ್ತಿರುತ್ತದೆ. ಬೆಳಕು ಮುಗಿದು ನೆರಳು ಶುರುವಾಗುವ ಗಡಿಯನ್ನು ಗಮನಿಸಿ. ಅಲ್ಲಿ ಬಣ್ಣ ಬೂದಾಗುವುದಿಲ್ಲ, ಒಂದಿಷ್ಟು ಕೆಂಪೇರುತ್ತದೆ. ಆ ಗಡಿಯಲ್ಲಿ ಒಂದು ಕೆಂಪು–ಕಿತ್ತಳೆ ಸ್ಟ್ರೋಕ್ ಇಟ್ಟರೆ ಚರ್ಮದ ಕೆಳಗೆ ರಕ್ತ ಹರಿಯುತ್ತಿದೆ ಅನಿಸುತ್ತದೆ. ಅಲ್ಲಿ ಕಪ್ಪು ಬೆರೆಸಿ ಗಾಢ ಮಾಡಿದರೆ ಪ್ಲಾಸ್ಟರ್ ಗೊಂಬೆ ಆಗುತ್ತದೆ. ಮೈಬಣ್ಣಕ್ಕೆ ಜೀವ ತುಂಬುವ ಒಂದೇ ಒಂದು ಜಾಗ ತೋರಿಸಿ ಅಂದರೆ ನಾನು ಈ ಗಡಿಯನ್ನೇ ತೋರಿಸುತ್ತೇನೆ.

ಮೊಣಕೈ ಒಳಭಾಗದಲ್ಲಿ ನೀಲಿಯಾಗಿ ಕಾಣುವ ನರಗಳದು ಇನ್ನೂ ಸ್ವಾರಸ್ಯದ ವಿಷಯ. ಆ ಜಾಗದ ಬಣ್ಣವನ್ನಷ್ಟೇ ಬೇರೆ ಮಾಡಿ ನೋಡಿದರೆ ಅದು ಹೆಚ್ಚುಕಡಿಮೆ ಬೂದು. ಸುತ್ತಲಿನ ಬೆಚ್ಚನೆ ಬಣ್ಣದ ಪಕ್ಕ ಕೂತಿರುವುದರಿಂದ ಅದು ನಮ್ಮ ಕಣ್ಣಿಗೆ ನೀಲಿ. ಬಣ್ಣಗಳು ಪಕ್ಕದ ಬಣ್ಣವನ್ನು ಹೀಗೆ ಬದಲಾಯಿಸುವುದನ್ನು ಸರಿಯಾಗಿ ಅಧ್ಯಯನ ಮಾಡಿದವನು ಫ್ರಾನ್ಸ್‌ನ ರಸಾಯನಶಾಸ್ತ್ರಜ್ಞ ಮಿಷೆಲ್ ಯೂಜೀನ್ ಶೆವ್ರಲ್. ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ಅವನಿಗೆ, ಕಪ್ಪು ನೂಲು ಮಂಕಾಗಿದೆ ಎಂಬ ದೂರು ಬಂದಿತ್ತು. ಪರೀಕ್ಷಿಸಿದರೆ ನೂಲಿನ ಕಪ್ಪು ಸರಿಯಾಗಿಯೇ ಇತ್ತು. ಪಕ್ಕದ ಬಣ್ಣಗಳಿಂದ ಅದು ಮಂಕಾಗಿ ಕಾಣುತ್ತಿತ್ತು. 1839ರಲ್ಲಿ ಅವನು ಇದನ್ನೆಲ್ಲ ಪುಸ್ತಕವಾಗಿ ಪ್ರಕಟಿಸಿದ.

ಹಾಗಾಗಿಯೇ ‘ಮೈಬಣ್ಣ’ ಅಂತ ಹೆಸರು ಬರೆದು ಮಾರುವ ಟ್ಯೂಬ್‌ನಿಂದ ಏನೂ ಆಗುವುದಿಲ್ಲ. ಒಂದೇ ಮಿಶ್ರಣ ಹಸಿರು ಗೋಡೆಯ ಮುಂದೆ ಗುಲಾಬಿಯಾಗಿಯೂ ಕೆಂಪು ಬಟ್ಟೆಯ ಪಕ್ಕ ಹಸಿರು ಛಾಯೆಯಲ್ಲೂ ಕಾಣುತ್ತದೆ. ಬಿಳಿ ಕ್ಯಾನ್ವಾಸ್ ಮೇಲೆ ಮುಖ ಶುರು ಮಾಡಬೇಡಿ ಅನ್ನುವುದೂ ಇದಕ್ಕೇ. ಬಿಳಿಯ ಪಕ್ಕ ಎಲ್ಲ ಬಣ್ಣವೂ ಗಾಢವಾಗಿ ಕಾಣುತ್ತದೆ. ಕೈ ತಾನಾಗಿ ಬಿಳಿ ಬೆರೆಸುತ್ತಾ ಹೋಗುತ್ತದೆ. ಮೊದಲು ಕ್ಯಾನ್ವಾಸ್‌ಗೆ ತೆಳುವಾಗಿ ಒಂದು ಕಂದು–ಬೂದು ಬಳಿದು, ಹಿನ್ನೆಲೆಯ ಬಣ್ಣವನ್ನೂ ಮುಖದ ಪಕ್ಕದಲ್ಲಿ ಒಂದಿಷ್ಟು ಹಾಕಿಕೊಂಡರೆ ಕಣ್ಣು ಸರಿಯಾಗಿ ಅಳೆಯುತ್ತದೆ.

ಬಣ್ಣಕ್ಕಿಂತ ಮೊದಲು ಟೋನ್

ಟೋನ್ ಅಂದರೆ ಒಂದು ಜಾಗ ಎಷ್ಟು ತಿಳಿ, ಎಷ್ಟು ಗಾಢ ಅನ್ನುವುದು. ಟೋನ್ ಸರಿಯಿದ್ದರೆ ಮುಖವನ್ನು ಹಸಿರು ಬಣ್ಣದಲ್ಲಿ ಬಿಡಿಸಿದರೂ ಮುಖ ಅಂತ ಗೊತ್ತಾಗುತ್ತದೆ. ಟೋನ್ ತಪ್ಪಿದರೆ ಎಷ್ಟು ಒಳ್ಳೆಯ ಬಣ್ಣ ಬೆರೆಸಿದರೂ ಪ್ರಯೋಜನವಿಲ್ಲ.

ನೋಡುವ ವಿಧಾನ ಸುಲಭ. ಕಣ್ಣು ಅರ್ಧ ಮುಚ್ಚಿ, ಕಿರಿದು ಮಾಡಿ ನೋಡಿ. ರೆಪ್ಪೆ, ಗೆರೆ, ಮಚ್ಚೆ ಎಲ್ಲ ಕರಗಿ ಮುಖ ಎರಡೇ ಭಾಗವಾಗಿ ಕಾಣುತ್ತದೆ. ಬೆಳಕಿನ ಭಾಗ, ನೆರಳಿನ ಭಾಗ. ಇವೆರಡನ್ನು ಬೆರೆಯಲು ಬಿಡಬಾರದು. ನೆರಳಿನೊಳಗೆ ಅತಿ ತಿಳಿಯಾದ ಜಾಗವೂ ಬೆಳಕಿನ ಭಾಗದ ಅತಿ ಗಾಢ ಜಾಗಕ್ಕಿಂತ ಗಾಢವೇ ಇರಬೇಕು. ಎಲ್ಲರೂ ಎಡವುವುದು ಗಲ್ಲದ ಕೆಳಗೆ. ಅಂಗಿಯಿಂದ ಪುಟಿದ ಬೆಳಕು ಅಲ್ಲಿ ಬಿದ್ದಿರುತ್ತದೆ. ಅದನ್ನೇ ದಿಟ್ಟಿಸಿ ನೋಡಿದರೆ ತುಂಬಾ ತಿಳಿಯಾಗಿ ಕಾಣುತ್ತದೆ. ಹಾಗೇ ಬಿಡಿಸಿದರೆ ಗಲ್ಲದ ದುಂಡು ಹೋಗಿಬಿಡುತ್ತದೆ. ಕಣ್ಣಿನ ಬಿಳಿಗುಡ್ಡೆ, ಹಲ್ಲು ಇವೂ ಇದೇ ಜಾತಿ. ಬಿಳಿ ಅಂತ ನಮಗೆ ಗೊತ್ತಿರುವುದರಿಂದ ಬಿಳಿ ಹಾಕುತ್ತೇವೆ. ನಿಜಕ್ಕೂ ಹುಬ್ಬಿನ ನೆರಳಲ್ಲಿರುವ ಬಿಳಿಗುಡ್ಡೆ ಎಷ್ಟೋ ಸಲ ಕೆನ್ನೆಗಿಂತ ಗಾಢ.

ಅನುಮಾನ ಬಂದರೆ ಫೋನ್‌ನಲ್ಲಿ ಮಾಡೆಲ್ ಮತ್ತು ಚಿತ್ರ ಎರಡನ್ನೂ ಒಟ್ಟಿಗೆ ಫೋಟೋ ತೆಗೆದು ಕಪ್ಪು–ಬಿಳುಪು ಮಾಡಿ ನೋಡಿ. ತಪ್ಪು ತಕ್ಷಣ ಕಣ್ಣಿಗೆ ಹೊಡೆಯುತ್ತದೆ.

ನಾಲ್ಕು ಬಣ್ಣ ಸಾಕು

ಸ್ವೀಡನ್‌ನ ಚಿತ್ರಕಾರ ಆಂಡರ್ಸ್ ಜೋರ್ನ್ (1860–1920) 1896ರಲ್ಲಿ ತನ್ನನ್ನೇ ಬಿಡಿಸಿಕೊಂಡ ಚಿತ್ರವೊಂದಿದೆ. ಅದರಲ್ಲಿ ಅವನು ಹಿಡಿದ ಪ್ಯಾಲೆಟ್ ಮೇಲೆ ಕಾಣುವುದು ನಾಲ್ಕೇ ಬಣ್ಣ: ಬಿಳಿ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ವರ್ಮಿಲಿಯನ್ ಕೆಂಪು, ಕಪ್ಪು. ಈಗ ವರ್ಮಿಲಿಯನ್ ಬದಲು ಕ್ಯಾಡ್ಮಿಯಂ ರೆಡ್ ಲೈಟ್, ಕಪ್ಪಿಗೆ ಐವರಿ ಬ್ಲ್ಯಾಕ್ ಬಳಸುತ್ತಾರೆ. ನೀರು, ಹಸಿರು ಬಿಡಿಸುವಾಗ ಜೋರ್ನ್ ಬೇರೆ ಬಣ್ಣವನ್ನೂ ತೆಗೆದುಕೊಂಡಿದ್ದಾನೆ. ಆದರೆ ಮೈಬಣ್ಣಕ್ಕೆ ಈ ನಾಲ್ಕು ಸಾಲುತ್ತವೆ.

ನೀಲಿಯೇ ಇಲ್ಲವಲ್ಲ ಅನಿಸಬಹುದು. ಇಲ್ಲಿ ನರಗಳ ವಿಷಯ ನೆನಪಿಸಿಕೊಳ್ಳಿ. ಕಪ್ಪಿಗೆ ಬಿಳಿ ಸೇರಿಸಿದರೆ ಬರುವ ತಂಪು ಬೂದು, ಕಿತ್ತಳೆ ಬಣ್ಣದ ಪಕ್ಕ ಕೂತಾಗ ನೀಲಿಯಾಗಿಯೇ ಕಾಣುತ್ತದೆ. ಓಕರ್‌ಗೆ ಕಪ್ಪು ಬೆರೆಸಿದರೆ ಆಲಿವ್ ಹಸಿರು ಬರುತ್ತದೆ. ಗಡ್ಡ ಬೋಳಿಸಿದ ಗಲ್ಲಕ್ಕೆ, ಕಣ್ಣಿನ ಕೆಳಗಿನ ಛಾಯೆಗೆ ಅದು ಹೇಳಿ ಮಾಡಿಸಿದ್ದು. ಓಕರ್ ಮತ್ತು ಕೆಂಪು ಸೇರಿದರೆ ಕಿತ್ತಳೆ. ಇದೇ ಎಲ್ಲ ಮೈಬಣ್ಣದ ಬುನಾದಿ. ಜಗತ್ತಿನ ಅತಿ ಬಿಳಿಚು ಚರ್ಮವಾಗಲಿ ಅತಿ ಕಪ್ಪು ಚರ್ಮವಾಗಲಿ, ಬಣ್ಣದ ಚಕ್ರದಲ್ಲಿ ಕೆಂಪು–ಕಿತ್ತಳೆ–ಹಳದಿಯ ಒಂದು ಸಣ್ಣ ತುಂಡಿನೊಳಗೇ ಬರುತ್ತದೆ. ಬದಲಾಗುವುದು ಎಷ್ಟು ಗಾಢ, ಎಷ್ಟು ಮಂಕು ಅನ್ನುವುದು.

ಬಿಳಿಯ ಬಗ್ಗೆ ಎಚ್ಚರ ಬೇಕು. ಇವತ್ತು ಎಲ್ಲರ ಕೈಯಲ್ಲಿರುವುದು ಟೈಟಾನಿಯಂ ವೈಟ್. ಅದು ತುಂಬಾ ಪ್ರಬಲ. ತುಸು ಹಾಕಿದರೂ ಮಿಶ್ರಣ ತಣ್ಣಗಾಗಿ ಸುಣ್ಣದಂತಾಗುತ್ತದೆ. ಜೋರ್ನ್ ಕಾಲದ ಕಲಾವಿದರ ಬಳಿ ಇದ್ದದ್ದು ಸೀಸದ ಬಿಳಿ. ಅದು ಮಿಶ್ರಣದಲ್ಲಿ ಇಷ್ಟು ಜೋರು ಮಾಡುವುದಿಲ್ಲ. ಆದರೆ ಸೀಸ ವಿಷ, ಕಲಿಯುವವರು ಅದರ ತಂಟೆಗೆ ಹೋಗದಿರುವುದೇ ಒಳ್ಳೆಯದು. ಟೈಟಾನಿಯಂ ಬಳಸಿ ಬಣ್ಣ ತಿಳಿ ಮಾಡುವಾಗಲೆಲ್ಲ ಜೊತೆಗೆ ಚೂರು ಓಕರ್, ಒಂದು ಕಣ ಕೆಂಪು ಸೇರಿಸಿ. ಶುದ್ಧ ಬಿಳಿಯನ್ನು ಕೊನೆಯ ಹೊಳಪಿನ ಚುಕ್ಕೆಗೂ ಬಳಸದೆ ಇರಲು ಸಾಧ್ಯವಾದರೆ ಇನ್ನೂ ಚೆನ್ನ.

ಕಂದು, ಕಪ್ಪು ಚರ್ಮಕ್ಕೆ ಮೇಲಿನ ನಾಲ್ಕರ ಜೊತೆ ಬರ್ನ್ಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು) ಮತ್ತು ಅಲ್ಟ್ರಾಮರೀನ್ ಬ್ಲೂ ಇಟ್ಟುಕೊಳ್ಳುವುದು ನನಗೆ ಇಷ್ಟ. ಇವೆರಡನ್ನು ಸೇರಿಸಿದರೆ ಆಳವಾದ ಗಾಢ ಕಂದು ಬರುತ್ತದೆ. ಬಿಳಿ ಚರ್ಮ ಬಿಡಿಸುವ ಪಾಠವನ್ನೇ ಓದಿ, ಅದಕ್ಕೆ ಕಪ್ಪು ಬೆರೆಸಿ ಕಂದು ಚರ್ಮ ಮಾಡಲು ಹೋಗುವವರು ಬಹಳ. ಬೂದಿ ಬಳಿದ ಮುಖ ಬರುವುದು ಆಗಲೇ. ಗಾಢ ಚರ್ಮದಲ್ಲಿ ಒಳಗಿಂದ ಹೊರಬರುವ ಬೆಳಕು ಕಡಿಮೆ. ಆದ್ದರಿಂದ ಮೇಲ್ಮೈಯ ಹೊಳಪು ಎದ್ದು ಕಾಣುತ್ತದೆ. ಆಕಾಶದ ಬೆಳಕಲ್ಲಿ ಕೆನ್ನೆಯ ಮೂಳೆಯ ಮೇಲೆ ಸ್ಪಷ್ಟವಾದ ನೀಲಿ–ಬೂದು ಪಟ್ಟೆಯೇ ಕಾಣಬಹುದು. ಅದನ್ನು ಧೈರ್ಯವಾಗಿ ಇಟ್ಟು, ಪಕ್ಕದಲ್ಲಿ ಬೆಚ್ಚನೆ ಸಿಯೆನ್ನಾ ಬಿಟ್ಟರೆ ಚರ್ಮ ಹೊಳೆಯುತ್ತದೆ. ಇನ್ನೊಂದು ದಾರಿಯೂ ಇದೆ. ಪ್ಯಾರಿಸ್‌ನಲ್ಲಿ ಕಲಿತು ಬಂದ ಅಮೃತಾ ಶೇರ್‌ಗಿಲ್ (1913–1941) 1935ರಲ್ಲಿ ಬಿಡಿಸಿದ ಮೂವರು ಹುಡುಗಿಯರ ಚಿತ್ರದಲ್ಲಿ ಹೊಳಪಿನ ಚುಕ್ಕೆಗಳ ಆಟವಿಲ್ಲ. ಅಗಲವಾದ ಸರಳ ಪಟ್ಟಿಗಳಲ್ಲಿ ಕಂದು ಚರ್ಮವೇ ಒಳಗಿಂದ ಬೆಚ್ಚಗೆ ಕಾಣುತ್ತದೆ.

ಒಂದು ಕೆನ್ನೆಯನ್ನು ಹತ್ತಿರದಿಂದ

ಮುಖವಿಡೀ ಒಂದೇ ಬಣ್ಣ ಇರುವುದಿಲ್ಲ. ಹಣೆಯಲ್ಲಿ ಮೂಳೆ ಹತ್ತಿರ, ಅಲ್ಲಿ ಹಳದಿ ಛಾಯೆ. ಕೆನ್ನೆ, ಮೂಗು, ಕಿವಿಗಳಲ್ಲಿ ರಕ್ತನಾಳ ಜಾಸ್ತಿ, ಅಲ್ಲಿ ಕೆಂಪು. ಬಾಯಿಯಿಂದ ಕೆಳಗೆ ತುಸು ಬೂದು ಅಥವಾ ಹಸಿರು, ಗಡ್ಡ ಬರುವವರಲ್ಲಿ ಇನ್ನೂ ಜಾಸ್ತಿ. ಕೈಯಲ್ಲೂ ಹೀಗೆಯೇ: ಗೆಣ್ಣು, ಬೆರಳ ತುದಿ ಕೆಂಪಗಿರುತ್ತವೆ. ಎಲ್ಲರಲ್ಲೂ ಇದು ಒಂದೇ ಪ್ರಮಾಣದಲ್ಲಿ ಕಾಣುವುದಿಲ್ಲ. ಗಾಢ ಚರ್ಮದಲ್ಲಿ ಈ ವ್ಯತ್ಯಾಸ ಸೂಕ್ಷ್ಮ. ಆದರೆ ಹುಡುಕಿದರೆ ಸಿಗುತ್ತದೆ.

ಈಗ ಎಡಗಡೆ ಕಿಟಕಿ, ಎದುರಿಗೆ ಗೋಧಿ ಬಣ್ಣದ ಒಂದು ಮುಖ ಇದೆ ಅಂದುಕೊಳ್ಳಿ. ಬ್ರಷ್ ಮುಟ್ಟುವ ಮೊದಲು ಪ್ಯಾಲೆಟ್ ನೈಫ್‌ನಿಂದ ಬಣ್ಣದ ಸಣ್ಣ ಗುಡ್ಡೆಗಳನ್ನು ಮಾಡಿಕೊಳ್ಳಿ. ಮೊದಲ ಗುಡ್ಡೆ ಕೆನ್ನೆಯ ಬೆಳಕಿನ ಭಾಗದ್ದು: ಓಕರ್, ಬಿಳಿ, ಸ್ವಲ್ಪ ಕೆಂಪು, ಸ್ವಲ್ಪವೇ ಸಿಯೆನ್ನಾ. ನೈಫ್ ತುದಿಯಲ್ಲಿ ಇದನ್ನು ತೆಗೆದುಕೊಂಡು, ಒಂದು ಕಣ್ಣು ಮುಚ್ಚಿ, ಮಾಡೆಲ್‌ನ ಕೆನ್ನೆಯ ನೇರಕ್ಕೆ ಹಿಡಿದು ಹೋಲಿಸಿ. ಗಾಢವೇ? ತಿಳಿಯೇ? ಹಳದಿ ಹೆಚ್ಚಾಯಿತೇ? ಈ ಪ್ರಶ್ನೆಗಳು ಇಲ್ಲೇ ಮುಗಿಯಬೇಕು. ನೈಫ್ ಮೇಲೂ ಅದೇ ಬೆಳಕು ಬೀಳುತ್ತಿರಲಿ, ಇಲ್ಲದಿದ್ದರೆ ಹೋಲಿಕೆ ಸುಳ್ಳಾಗುತ್ತದೆ. ಎರಡನೆಯ ಗುಡ್ಡೆ ನೆರಳಿನದು: ಸಿಯೆನ್ನಾ, ಅಲ್ಟ್ರಾಮರೀನ್, ಒಂದಿಷ್ಟು ಕೆಂಪು. ಇದಕ್ಕೆ ಬಿಳಿ ಹಾಕದಿದ್ದರೆ ಒಳ್ಳೆಯದು. ನೆರಳು ತೆಳುವಾಗಿ, ಪಾರದರ್ಶಕವಾಗಿ ಇದ್ದಷ್ಟೂ ಆಳ ಬರುತ್ತದೆ. ಮೂರನೆಯದು ಗಡಿಯ ಬಣ್ಣ, ಮೊದಲೆರಡಕ್ಕಿಂತ ಕೆಂಪಾದದ್ದು.

ಮೊದಲು ನೆರಳನ್ನು ಒಂದೇ ಆಕಾರವಾಗಿ ಹಾಕಿ. ಕಣ್ಣಿನ ಗುಳಿ, ಮೂಗಿನ ಬಲಬದಿ, ಬಲಗೆನ್ನೆ, ಕುತ್ತಿಗೆ ಎಲ್ಲ ಒಂದಕ್ಕೊಂದು ಅಂಟಿಕೊಂಡಿರಲಿ. ಆಮೇಲೆ ಬೆಳಕಿನ ಕೆನ್ನೆಗೆ ಅಗಲವಾದ ಒಂದು ಸ್ಟ್ರೋಕ್, ಕಣ್ಣಿನ ಕೆಳಗಿಂದ ಬಾಯಿಯ ಮೂಲೆಯ ಕಡೆಗೆ. ಅದರ ಪಕ್ಕ ತುಸು ಕೆಂಪಾದ ಇನ್ನೊಂದು. ನಡುವಿನ ಗಡಿಗೆ ಮೂರನೆಯ ಬಣ್ಣ. ಈಗ ಕೈ ಸುಮ್ಮನಿರುವುದಿಲ್ಲ. ಒಣ ಬ್ರಷ್ ತೆಗೆದುಕೊಂಡು ಮೂರನ್ನೂ ನಯವಾಗಿ ಉಜ್ಜಿ ಬೆರೆಸಬೇಕು ಅನಿಸುತ್ತದೆ. ಆ ಆಸೆಯನ್ನು ತಡೆದುಕೊಳ್ಳಬೇಕು. ಟೋನ್ ಸರಿಯಿದ್ದರೆ ಮೂರು ಪಟ್ಟಿಗಳೂ ದೂರದಿಂದ ತಾವಾಗಿಯೇ ಬೆರೆತು ಒಂದು ದುಂಡು ಕೆನ್ನೆಯಾಗುತ್ತವೆ. ಬೆರೆಯದಿದ್ದರೆ ಉಜ್ಜುವುದು ಪರಿಹಾರವಲ್ಲ. ಒಂದು ಪಟ್ಟಿಯ ಬಣ್ಣ ತಪ್ಪಿದೆ ಅಂತ ಅರ್ಥ. ನೈಫ್‌ನಿಂದ ಅದನ್ನು ಕೆರೆದು ತೆಗೆದು ಸರಿಯಾದದ್ದನ್ನು ಹಾಕಿ.

ಕೆರೆಯುವುದಕ್ಕೆ ಯಾರೂ ಬೇಸರಪಟ್ಟುಕೊಳ್ಳಬೇಕಿಲ್ಲ. ಪೋರ್ಟ್ರೇಟ್‌ಗಳಿಗೆ ಹೆಸರಾದ ಅಮೆರಿಕನ್ ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್ (1856–1925) ಪ್ಯಾರಿಸ್‌ನಲ್ಲಿ ಕರೋಲಸ್ ಡ್ಯುರಾನ್‌ ಬಳಿ ಕಲಿತವನು. ಮೊದಲ ಸ್ಟ್ರೋಕ್‌ನಲ್ಲೇ ಸರಿಯಾದ ಟೋನ್ ಇಡಬೇಕು ಅನ್ನುವುದು ಆ ಗುರುವಿನ ಪಾಠ. ಸಾರ್ಜೆಂಟ್‌ನ ಚಿತ್ರ ನೋಡಿದರೆ ಒಂದೇ ಉಸಿರಿಗೆ ಬಿಡಿಸಿದ ಹಾಗಿರುತ್ತದೆ. ವಾಸ್ತವದಲ್ಲಿ ಅವನು ಮನಸ್ಸಿಗೆ ಒಪ್ಪದಿದ್ದರೆ ಮುಖವನ್ನು ಪೂರ್ತಿ ಕೆರೆದುಹಾಕಿ ಮತ್ತೆ ಶುರು ಮಾಡುತ್ತಿದ್ದ. ಕೊನೆಗೆ ಉಳಿದ ಸ್ಟ್ರೋಕ್‌ಗಳು ಮಾತ್ರ ನಮಗೆ ಕಾಣುತ್ತವೆ, ಕೆರೆದದ್ದು ಕಾಣುವುದಿಲ್ಲ.

ಸ್ಟ್ರೋಕ್ ಮತ್ತು ಅಂಚು

ಬ್ರಷ್ ದೊಡ್ಡದಿರಲಿ. ಮುಖಕ್ಕೆ ಸುಮಾರು ಒಂದಿಂಚು ಅಗಲದ ಹಂದಿಕೂದಲ ಫ್ಲಾಟ್ ಬ್ರಷ್‌ನಿಂದ ಶುರು ಮಾಡಿದರೆ ರೆಪ್ಪೆಯ ಕೂದಲು ಬಿಡಿಸಲು ಆಗುವುದೇ ಇಲ್ಲ. ಅದೇ ನಮಗೆ ಬೇಕಾದದ್ದು. ಹಿಡಿಯನ್ನು ಪೆನ್ಸಿಲ್ ಹಾಗೆ ಮುಂದೆ ಹಿಡಿಯದೆ ಹಿಂದಿನ ತುದಿಯಲ್ಲಿ ಹಿಡಿಯಿರಿ. ಆಗ ಚಲನೆ ಭುಜದಿಂದ ಬರುತ್ತದೆ, ಬೆರಳಿನಿಂದಲ್ಲ. ಬಣ್ಣವನ್ನು ಜಿಪುಣತನ ಮಾಡದೆ ತುಂಬಿಕೊಳ್ಳಿ. ಇಡಿ, ಎಳೆಯಿರಿ, ಎತ್ತಿ. ಅದೇ ಜಾಗದ ಮೇಲೆ ಮತ್ತೆ ಹೋಗಬೇಡಿ. ಹಸಿ ಬಣ್ಣದ ಮೇಲೆ ಎರಡನೆಯ ಸಲ ಹೋದ ಬ್ರಷ್ ಕೆಳಗಿನ ಬಣ್ಣವನ್ನು ಎತ್ತಿಕೊಳ್ಳುತ್ತದೆ, ಮೂರನೆಯ ಸಲಕ್ಕೆ ರಾಡಿ ಶುರು. ಬೆಳಕಿಗೆ ಒಂದು, ನೆರಳಿಗೆ ಒಂದು ಬ್ರಷ್ ಬೇರೆ ಇಟ್ಟುಕೊಂಡರೆ ಅರ್ಧ ರಾಡಿ ತಪ್ಪುತ್ತದೆ.

ಸ್ಟ್ರೋಕ್ ಎಷ್ಟು ಮುಖ್ಯವೋ ಅಂಚೂ ಅಷ್ಟೇ ಮುಖ್ಯ. ಸಡಿಲ ಚಿತ್ರಗಳಲ್ಲಿ ಎಲ್ಲ ಅಂಚುಗಳೂ ಮಸುಕಾಗಿರುತ್ತವೆ ಅನ್ನುವುದು ತಪ್ಪು ತಿಳಿವಳಿಕೆ. ದುಂಡಾಗಿ ತಿರುಗುವ ಕೆನ್ನೆಯ ಮೇಲಿನ ನೆರಳಿಗೆ ಮೃದು ಅಂಚು. ಮೂಗು ತುಟಿಯ ಮೇಲೆ ಚೆಲ್ಲಿದ ನೆರಳಿಗೆ ಗಟ್ಟಿ ಅಂಚು, ಅದೂ ಮೂಗಿನ ಹತ್ತಿರ ಗಟ್ಟಿ, ದೂರ ಹೋದಂತೆ ಮೃದು. ಗಾಢ ಕೂದಲು ಗಾಢ ಹಿನ್ನೆಲೆಯನ್ನು ಸೇರುವಲ್ಲಿ ಅಂಚೇ ಬೇಡ. ಅಲ್ಲಿ ನೋಡುವವರ ಕಣ್ಣು ತಾನೇ ತಲೆಯ ಗೆರೆಯನ್ನು ಪೂರ್ತಿ ಮಾಡಿಕೊಳ್ಳುತ್ತದೆ. ಒಂದೆರಡು ಕಡೆ ಚೂಪಾದ ಅಂಚು ಇದ್ದರೆ ಉಳಿದ ಕಡೆ ಎಷ್ಟು ಬಿಟ್ಟರೂ ಚಿತ್ರ ನಿಲ್ಲುತ್ತದೆ.

ಎಲ್ಲಿ ಬಿಡಬಹುದು ಅನ್ನುವುದಕ್ಕೆ ಸ್ಪೇನ್‌ನ ಚಿತ್ರಕಾರ ವೆಲಾಸ್ಕೆಜ್‌ಗಿಂತ ಒಳ್ಳೆಯ ಪಾಠವಿಲ್ಲ. 1656ರ ‘ಲಾಸ್ ಮೆನಿನಾಸ್’ನಲ್ಲಿ ನಡುವೆ ನಿಂತ ರಾಜಕುಮಾರಿಯ ಮುಖ ಮೃದುವಾಗಿ, ಕಡಿಮೆ ಏರಿಳಿತದಲ್ಲಿದೆ. ಅವಳ ಉಡುಪಿನ ಅಲಂಕಾರ ಹತ್ತಿರದಿಂದ ಬೂದು, ಕೆಂಪು, ಕಪ್ಪು ಚುಕ್ಕೆಗಳ ರಾಶಿ. ಮುಖಕ್ಕೆ ಎಷ್ಟು ಸಂಯಮವೋ ಬಟ್ಟೆಗೆ ಅಷ್ಟು ಸ್ವಾತಂತ್ರ್ಯ. ಇದನ್ನು ತಿಳಿಯದೆ ಮುಖ, ಬಟ್ಟೆ, ಹಿನ್ನೆಲೆ ಎಲ್ಲದರ ಮೇಲೂ ಒಂದೇ ಆವೇಶದಲ್ಲಿ ಬ್ರಷ್ ಬೀಸಿದರೆ ನೋಡುವವರ ಕಣ್ಣಿಗೆ ನಿಲ್ಲುವ ಜಾಗವೇ ಸಿಗುವುದಿಲ್ಲ.

ಇಷ್ಟೂ ಹೇಳಿದ್ದು ತೈಲವರ್ಣಕ್ಕೆ. ಎಣ್ಣೆ ಗಾಳಿಯೊಂದಿಗೆ ಸೇರಿ ನಿಧಾನವಾಗಿ ಗಟ್ಟಿಯಾಗುವುದರಿಂದ ಕೆರೆಯಲು, ಬದಲಾಯಿಸಲು ಸಮಯ ಸಿಗುತ್ತದೆ. ಅಕ್ರಿಲಿಕ್ ಬೇಗ ಒಣಗುತ್ತದೆ, ಒಣಗಿದಾಗ ಒಂದಿಷ್ಟು ಗಾಢವೂ ಆಗುತ್ತದೆ. ಅದರಲ್ಲಿ ಬಣ್ಣಗಳನ್ನು ಮೊದಲೇ ಬೆರೆಸಿ ಒದ್ದೆ ಕಾಗದದ ಮೇಲೆ ಇಟ್ಟುಕೊಳ್ಳದೆ ಬೇರೆ ದಾರಿಯಿಲ್ಲ. ಜಲವರ್ಣದಲ್ಲಿ ಕೆಲಸವೇ ತಿರುವುಮುರುವು. ಹೊಳಪು ಅಂದರೆ ಬಿಟ್ಟ ಕಾಗದ. ತಿಳಿಯಿಂದ ಗಾಢಕ್ಕೆ ಹೋಗಬೇಕು. ಆದರೆ ಟೋನ್, ಕೆಂಪೇರುವ ಗಡಿ, ಅಂಚು, ಈ ಮೂರೂ ಅಲ್ಲೂ ಇವೇ.

ಅಭ್ಯಾಸಕ್ಕೆ ನಿಮ್ಮದೇ ಎಡಗೈ ಸಾಕು, ಬಲಗೈಯಲ್ಲಿ ಬಿಡಿಸುವವರಾದರೆ. ಒಂದೇ ದೀಪದ ಕೆಳಗೆ ಇಟ್ಟು, ದೊಡ್ಡ ಬ್ರಷ್‌ನಲ್ಲಿ, ಇಡೀ ಕೈಯನ್ನು ಮೂವತ್ತು ಸ್ಟ್ರೋಕ್ ಒಳಗೆ ಮುಗಿಸಲು ನೋಡಿ. ಎಣಿಸುತ್ತಾ ಹೋದರೆ ಪ್ರತಿ ಸ್ಟ್ರೋಕ್‌ಗೂ ಮೊದಲು ಪ್ಯಾಲೆಟ್ ಮೇಲೆ ಹೆಚ್ಚು ಹೊತ್ತು ಕಳೆಯುತ್ತೀರಿ. ಗೆಣ್ಣಿಗೆ ಯಾವ ಕೆಂಪು, ಹೆಬ್ಬೆರಳ ಬುಡದ ನೆರಳು ಎಷ್ಟು ಗಾಢ, ಉಗುರಿನ ಹೊಳಪಿಗೆ ದೀಪದ ಬಣ್ಣವೋ ಕಿಟಕಿಯ ಬಣ್ಣವೋ, ಎಲ್ಲ ಅಲ್ಲೇ ತೀರ್ಮಾನವಾಗುತ್ತದೆ. ಹೀಗೆ ಕೆಲವು ಕೈಗಳನ್ನು ಬಿಡಿಸಿದ ಮೇಲೆ ಮುಖಕ್ಕೆ ಹೋಗಿ, ಅದಕ್ಕೆ ಐವತ್ತು ಸ್ಟ್ರೋಕ್ ಕೊಟ್ಟುಕೊಳ್ಳಿ.